ಮೇಬಲ್ ಆಂಟಿಯ ಬಾಗಿಲಲ್ಲಿ ನಿಂತವರು

ಮೇಬಲ್ ಆಂಟಿ ತಮ್ಮ ಎರಡನೇ ಫೋನನ್ನೂ ಡಬ್ಬಕ್ಕೆ ಹಾಕಿದ ಶನಿವಾರವೇ ಅವರ ಹಾಸ್ಟೆಲಿನ ಹುಡುಗಿ ಕಾಣೆಯಾದಳು. ವರ್ಷದಲ್ಲಿ ಬೇರೆ ಅಷ್ಟು ದಿನಗಳಿದ್ದವು, ಅದೇ ದಿನ ಆಗಬೇಕಿತ್ತಾ!

ಡಬ್ಬದ ವಿಷಯ ಮೊದಲು ಹೇಳಿಬಿಡುತ್ತೇನೆ. ಅಲೆವೂರಿನಲ್ಲಿ ನಮ್ಮ ಇಗರ್ಜಿಯ ವಾಳೆಯವರು, ಅಂದರೆ ಅಕ್ಕಪಕ್ಕದ ಹತ್ತಿಪ್ಪತ್ತು ಕ್ರೈಸ್ತ ಮನೆಯವರು, ಶನಿವಾರ ಸಂಜೆ ಅಪೊಲೋನಿಯಾ ಟೀಚರ ಮನೆಯಲ್ಲಿ ಬೈಬಲ್ ಓದಲು ಸೇರುತ್ತೇವೆ. ಟೀಚರು ಬೆಳ್ಮಣ್ಣಿನ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಅವರ ಬಾಗಿಲ ಬಳಿ ಸ್ಟೂಲಿನ ಮೇಲೆ ಒಂದು ತಗಡಿನ ಡಬ್ಬವಿರುತ್ತದೆ, ಕ್ರಿಸ್ಮಸ್ ತಿಂಡಿ ತುಂಬಿಸಿಡುವ ದೊಡ್ಡ ಡಬ್ಬ. ಒಳಗೆ ಬರುವವರು ಫೋನನ್ನು ಅದರೊಳಗೆ ಹಾಕಬೇಕು. ಮುಚ್ಚಳ ಬಿದ್ದರೆ ಕೊನೆಯ ಪ್ರಾರ್ಥನೆ ಮುಗಿಯುವವರೆಗೆ ತೆರೆಯುವಂತಿಲ್ಲ. ನನ್ನ ಪಪ್ಪ ಜೋಕಿಮ್ ವಾಳೆಯ ಗುರಿಕಾರ, ಎಂದರೆ ಮುಖ್ಯಸ್ಥ. ಅವರಿಗೂ ರಿಯಾಯಿತಿ ಇಲ್ಲ.

ಮೇಬಲ್ ಆಂಟಿಯದು ಮಾತ್ರ ಒಂದು ಕಳ್ಳಾಟ. ಸ್ವಂತದ ಫೋನನ್ನು ಎಲ್ಲರಿಗೂ ಕಾಣುವ ಹಾಗೆ ಡಬ್ಬಕ್ಕೆ ಹಾಕಿ, ಹಾಸ್ಟೆಲಿನ ಫೋನನ್ನು ಬ್ಯಾಗಿನೊಳಗೆ ಇಟ್ಟುಕೊಳ್ಳುತ್ತಿದ್ದರು. ಅದು ಕುರ್ಚಿಯ ಕಾಲಿಗೆ ತಾಗಿ ಗುರ್ರೆನ್ನುತ್ತಿತ್ತು. ಟೀಚರು ತಲೆ ಎತ್ತದೆಯೇ, "ಜೀರುಂಡೆ ಬಂತು, ಹೋಗಿ ಮಾತಾಡಿ ಬಾ ಮೇಬಲ್" ಎನ್ನುತ್ತಿದ್ದರು. ನಾವು ಬೈಬಲಿನೊಳಗೆ ಮುಖ ಮುಚ್ಚಿ ನಗುತ್ತಿದ್ದೆವು.

ನಾನು ಆಂಟಿಯ ದೊಡ್ಡ ಫ್ಯಾನು, ಮುಚ್ಚಿಡುವುದಿಲ್ಲ. ಮಣಿಪಾಲದ ಒಂದು ಖಾಸಗಿ ಲೇಡೀಸ್ ಹಾಸ್ಟೆಲಿಗೆ ಅವರು ಶುರುವಿನಿಂದಲೂ ವಾರ್ಡನ್. ನಾಲ್ಕು ಮಹಡಿ ತುಂಬಾ ಹುಡುಗಿಯರು. ಯಾರಿಗೆ ಜ್ವರ, ಯಾರಿಗೆ ಮನೆ ನೆನಪು, ಯಾರ ಪ್ರೀತಿ ಮುರಿದಿದೆ, ಎಲ್ಲ ಅವರಿಗೆ ಗೊತ್ತು. ಒಮ್ಮೆ ಗೇಟಿನ ಹತ್ತಿರ ಬೈಕು ನಿಲ್ಲಿಸಿ ಹುಡುಗಿಯರಿಗೆ ಉಪದ್ರ ಕೊಡುತ್ತಿದ್ದ ಇಬ್ಬರನ್ನು ಹಿಡಿದು, ಮೆಸ್ಸಿನ ಪಾತ್ರೆ ತೊಳೆಸಿ ಕಳಿಸಿದವರು ಅವರು. ಹೇಗೆ ಫ್ಯಾನ್ ಆಗದಿರುವುದು ಹೇಳಿ!

ಆದರೆ ಅಲ್ಲಿ ಎಲ್ಲವೂ ಅವರ ಕೈಯಿಂದಲೇ ಆಗಬೇಕಿತ್ತು. ಊರಿಗೆ ಹೋಗುವ ಪಾಸು, ಡಾಕ್ಟರ ಹತ್ತಿರ ಹೋಗುವ ಚೀಟಿ, ಪ್ಲಂಬರನ್ನು ಕರೆಯುವುದು, ಮೆಸ್ಸಿನ ಮೀನು ಹಿಂದೆ ಕಳಿಸುವುದು, ಎಲ್ಲ. ಸಂಜೆ ಅವರ ಆಫೀಸಿನ ಬಾಗಿಲಲ್ಲಿ ಹುಡುಗಿಯರ ಸಾಲು ಮೆಟ್ಟಿಲಿನವರೆಗೆ ಹೋಗುತ್ತಿತ್ತು. ಸಹಾಯಕ್ಕೆ ಸಮೀನಾ ಎಂಬ ಕಾಪುವಿನ ಬ್ಯಾರಿ ಮುಸ್ಲಿಂ ಹುಡುಗಿ ಇದ್ದಳು. ಚುರುಕಿನವಳು, ಡಿಗ್ರಿ ಆದವಳು. ಅವಳಿಗೆ ಆಂಟಿ ಕೊಟ್ಟ ಕೆಲಸ ಒಂದೇ: "ನಾನು ಬರುವವರೆಗೆ ನಿಲ್ಲಿಸಿ ಇಡು. ನನ್ನನ್ನು ಕೇಳದೆ ಎಂತದೂ ಮಾಡ್ಬೇಡ."

ಕೊರೋನಾ ಮುಗಿದು ಹಾಸ್ಟೆಲ್ ಮತ್ತೆ ತುಂಬಿದ ಮೇಲೆ ಆಂಟಿ ಬದಲಾದರು. ನಿಧಾನಕ್ಕೆ, ಬಲ್ಬು ಮಂಕಾದ ಹಾಗೆ. ನಗು ಮೊದಲು ಹೋಯಿತು. ಆಮೇಲೆ ನಿದ್ದೆ. ರಿಂಗಾಗದ ಫೋನು ರಿಂಗಾದ ಹಾಗೆ ಕೇಳತೊಡಗಿತು. ಒಂದು ಹುಡುಗಿ ಅಜ್ಜಿ ತೀರಿಕೊಂಡರೆಂದು ಎದುರು ಕೂತು ಅತ್ತರೆ, ಆಂಟಿ ಅವಳ ತಲೆಯ ಮೇಲಿನಿಂದ ಗೋಡೆ ಗಡಿಯಾರ ನೋಡುತ್ತಿದ್ದರಂತೆ. "ನೋಡ್ತಾ ಇದ್ದದ್ದು ನನಗೇ ಗೊತ್ತಾಯ್ತು. ಆದ್ರೂ ಕಣ್ಣು ಕೆಳಗೆ ಬರ್ಲಿಲ್ಲ" ಎಂದು ಅವರೇ ನನಗೆ ಹೇಳಿದ್ದಾರೆ.

ಒಂದು ದಿನ ಬ್ಯಾಂಕಿಗೆಂದು ಹೊರಟವರು ಟೈಗರ್ ಸರ್ಕಲಿನಲ್ಲಿ ಕಾರ್ಕಳದ ಬಸ್ಸು ಹತ್ತಿಬಿಟ್ಟರು. ಕಾರ್ಕಳದಲ್ಲಿ ಅವರಿಗೆ ಯಾರೂ ಇರಲಿಲ್ಲ, ಕೆಲಸವೂ ಇರಲಿಲ್ಲ. ಬಸ್ ಸ್ಟ್ಯಾಂಡಿನ ಬೆಂಚಿನಲ್ಲಿ ಸುಮ್ಮನೆ ಕೂತಿದ್ದರು. ಕಣ್ಣಿನ ಡಾಕ್ಟರನ್ನು ನೋಡಿ ಬರುತ್ತಿದ್ದ ಅಪೊಲೋನಿಯಾ ಟೀಚರು ಅಲ್ಲಿ ಅವರನ್ನು ಕಂಡರು.

"ಇದೆಂತ ಮೇಬಲ್, ಇಲ್ಲಿ? ಹಾಸ್ಟೆಲಿಗೆ ರಜೆಯಾ?"

"ಗೊತ್ತಿಲ್ಲ ಟೀಚರ್."

"ಗೊತ್ತಿಲ್ಲ ಅಂದ್ರೆ?"

"ಬಸ್ಸು ಬಂತು. ಹತ್ತಿದೆ. ಇಳೀಲಿಕ್ಕೆ ಮನಸ್ಸು ಬರ್ಲಿಲ್ಲ."

"ಊಟ ಆಗಿದೆಯಾ?"

ಆಂಟಿ ಇಲ್ಲವೆಂದು ತಲೆ ಅಲ್ಲಾಡಿಸಿದರು.

"ಪ್ರಾರ್ಥನೆ?"

"ಬಾಯಿ ಹೇಳ್ತದೆ ಟೀಚರ್. ಒಳಗೆ ಯಾರೂ ಇಲ್ಲ."

ಟೀಚರು ಉಪದೇಶ ಮಾಡಲಿಲ್ಲ. ಕೈ ಹಿಡಿದು ಹೋಟೆಲಿಗೆ ಕರೆದುಕೊಂಡು ಹೋಗಿ ಊಟ ಮಾಡಿಸಿದರು. ಬಸ್ಸು ಹತ್ತಿಸುವಾಗ ಇಷ್ಟೇ ಹೇಳಿದರಂತೆ: "ಶನಿವಾರ ಸಂಜೆ ನಮ್ಮ ಮನೆಗೆ ಬಾ. ಎಂತದೂ ಮಾಡ್ಲಿಕ್ಕಿಲ್ಲ. ಕೂತ್ರೆ ಸಾಕು."

ಹಾಗೆ ಬಂದರು. ಬಂದು ಏನು ಮಾಡಿದರು ಗೊತ್ತಾ? ನಿದ್ದೆ! ಮೊದಲ ಕೆಲವು ವಾರ ಅಬ್ರಹಾಮನ ಕತೆ ಪೂರ್ತಿ ನನ್ನ ಭುಜದ ಮೇಲೆ ಮಲಗಿಯೇ ಕಳೆದರು.

"ಟೀಚರ್, ಮೇಬಲ್ ಗೊರಕೆ ಹೊಡೀತಾರೆ" ಎಂದು ಪಪ್ಪ ದೂರು ಕೊಟ್ಟರು.

"ಹೊಡೀಲಿ ಜೋಕಿಮ್. ನಿಮ್ಮ ಹಾಡಿಗಿಂತ ತಾಳ ಸರಿ ಉಂಟು."

ಅಬ್ರಹಾಮ ಮನೆಯಿಂದ ಕಳಿಸಿಬಿಟ್ಟ ದಾಸಿ ಹಾಗರಳ ಕತೆ ಓದಿದ ವಾರ ಆಂಟಿ ಎಚ್ಚರವಿದ್ದರು. ಮರುಭೂಮಿಯಲ್ಲಿ ನೀರು ಮುಗಿದು, ಮಗು ಸಾಯುವುದನ್ನು ನೋಡಲಾರೆನೆಂದು ಹಾಗರಳು ದೂರ ಹೋಗಿ ಅಳುತ್ತಾಳೆ. ಆಗ ದೇವರು ಅವಳ ಕಣ್ಣು ತೆರೆಸುತ್ತಾನೆ, ಅವಳಿಗೆ ಬಾವಿ ಕಾಣುತ್ತದೆ. ಆಂಟಿ ಮೊದಲ ಸಲ ಬಾಯಿ ಬಿಟ್ಟರು.

"ಟೀಚರ್, ಆ ಬಾವಿ ಮೊದಲೇ ಇತ್ತಾ, ಆಮೇಲೆ ಬಂತಾ?"

"ನಿನಗೆ ಎಂತ ಕಾಣ್ತದೆ?"

ಆಂಟಿ ಆ ಸಾಲನ್ನು ಬೆರಳಿಟ್ಟು ಮತ್ತೆ ಓದಿದರು. "ಹೊಸತಾಗಿ ತೋಡಿದ್ದು ಅಂತ ಇಲ್ಲಿ ಇಲ್ಲ. ಇತ್ತು. ಅವಳಿಗೆ ಕಾಣ್ಲಿಲ್ಲ." ಹಾಗೆಂದವರು ಕರ್ಚೀಫು ತೆಗೆದು ಮುಖ ಮುಚ್ಚಿಕೊಂಡರು.

ಅಲ್ಲಿಂದ ಅವರು ಬೆಳಗ್ಗೆ ಮೆಸ್ಸಿನ ಬಾಗಿಲು ತೆರೆಯುವ ಮೊದಲೇ ಎದ್ದು ಓದತೊಡಗಿದರು. ಸ್ವಲ್ಪ ಸ್ವಲ್ಪ ಬಣ್ಣ ಬಂತು. ಪಪ್ಪನಿಗೆ ಎದುರುತ್ತರ ಕೊಡುವಷ್ಟಾದರು. ಆದರೆ ಶನಿವಾರ ತುಂಬಿಕೊಂಡದ್ದನ್ನು ಸೋಮವಾರದ ಸಾಲು ಖಾಲಿ ಮಾಡುತ್ತಿತ್ತು. ಜೀರುಂಡೆಯೂ ಬ್ಯಾಗಿನಲ್ಲೇ ಇತ್ತು.

ಆ ಶನಿವಾರ ಆಗಸ್ಟ್ ತಿಂಗಳು, ಬಿಟ್ಟು ಬಿಟ್ಟು ಮಳೆ. ಆಂಟಿ ಬಂದವರೇ ಎರಡೂ ಫೋನನ್ನು ಡಬ್ಬಕ್ಕೆ ಹಾಕಿ ಮುಚ್ಚಳ ಒತ್ತಿದರು. "ಇವತ್ತು ಜೀರುಂಡೆಗೂ ರಜೆ. ನಾನು ಬರುವವರೆಗೆ ನೀನೇ ನೋಡ್ಕೋ ಅಂತ ಸಮೀನಾಗೆ ಹೇಳಿದ್ದೇನೆ" ಎಂದರು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅವರ ಕೈ ಮಾತ್ರ ಡಬ್ಬದ ಮೇಲೆ ಇನ್ನೂ ಸ್ವಲ್ಪ ಹೊತ್ತು ಇತ್ತು.

ನಮ್ಮಲ್ಲಿ ಓದುವುದು ಸುತ್ತು ಸರದಿಯಲ್ಲಿ, ಒಬ್ಬರಿಗೆ ಒಂದು ವಚನ. ಎಲ್ಲರೂ ಮಾಡುವ ಒಂದು ತಪ್ಪು ಉಂಟು. ತಲೆ ಎಣಿಸಿ ತನ್ನ ಪಾಲಿಗೆ ಬರುವ ವಚನ ಯಾವುದೆಂದು ಮೊದಲೇ ಹುಡುಕಿ, ಅದನ್ನೇ ಮನಸ್ಸಿನಲ್ಲಿ ಅಭ್ಯಾಸ ಮಾಡುತ್ತಾ, ಉಳಿದವರು ಓದಿದ್ದು ಒಂದೂ ಕೇಳದಿರುವುದು. ಆಂಟಿ ಎಣಿಸಿ ಒಂದು ಚಿಕ್ಕ ವಚನಕ್ಕೆ ತಯಾರಾಗಿದ್ದರು. ಅಷ್ಟರಲ್ಲಿ ಪಪ್ಪ ತಡವಾಗಿ ಬಂದು ನಡುವೆ ಕೂತರು. ಲೆಕ್ಕ ತಪ್ಪಿತು.

ಮೋಶೆಯ ಕತೆ ಅದು. ಮರುಭೂಮಿಯಲ್ಲಿ ಜನರ ವ್ಯಾಜ್ಯ ಕೇಳಲು ಮೋಶೆ ಬೆಳಗ್ಗೆ ಕೂತರೆ ಸಂಜೆಯವರೆಗೂ ಅವನೊಬ್ಬನೇ. ಹೆಂಡತಿಯ ಅಪ್ಪ ನೋಡಲು ಬಂದವನು ಮರುದಿನವೇ ಕೇಳುತ್ತಾನೆ, ಇದೇನು ನೀನು ಮಾಡುತ್ತಿರುವುದು ಎಂದು.

"ನೋಡಿ, ಎಲ್ಲಾ ಮಾವಂದಿರೂ ಹೀಗೆಯೇ" ಎಂದು ಪಪ್ಪ ಶುರು ಮಾಡಿದರು. "ಬಂದು ಒಂದು ದಿನ ಆಗ್ಲಿಲ್ಲ, ಅಳಿಯನ ಕೆಲಸದಲ್ಲಿ ತಪ್ಪು ಹುಡುಕುದು. ನನ್ನ ಮಾವ ಹೊಸ್ತಿಲು ದಾಟುವ ಮೊದಲೇ ಹುಡುಕಿದ್ರು."

"ನಿಮ್ಮಲ್ಲಿ ಹುಡುಕ್ಲಿಕ್ಕೆ ಅಷ್ಟು ಸಮಯ ಬೇಡ ಅಲ್ವಾ" ಎಂದು ಆಂಟಿ ಕುಟುಕಿದರು. ಎಲ್ಲರೂ ನಕ್ಕರು.

ಆಮೇಲೆ ಆಂಟಿಯ ಸರದಿ ಬಂತು. ತಯಾರಿಲ್ಲದ ವಚನ. ಮಾವ ಅಳಿಯನಿಗೆ ಹೇಳುವ ಮಾತು: ಹೀಗೆ ಮಾಡಿದರೆ ನೀನು ಬಳಲಿ ಹೋಗುತ್ತೀ, ನಿನ್ನ ಜೊತೆ ಇರುವ ಈ ಜನರೂ ಬಳಲಿ ಹೋಗುತ್ತಾರೆ, ಒಬ್ಬನೇ ಹೊರುವ ಭಾರ ಇದಲ್ಲ. ಆಂಟಿ ಓದಿ ಮುಗಿಸಿದರು. ಪಕ್ಕದವರು ಮುಂದಿನದನ್ನು ಶುರು ಮಾಡುವಷ್ಟರಲ್ಲಿ ಕೈ ಎತ್ತಿ ತಡೆದರು.

"ನಾನು ಬಳಲಿದ್ದು ನನಗೆ ಗೊತ್ತಿತ್ತು. ಜನರೂ ಅಂತ ಉಂಟಲ್ಲ ಟೀಚರ್ ಇಲ್ಲಿ."

"ಉಂಟು. ಮೋಶೆಗಾದ್ರೂ ಕೂತ್ಕೊಳ್ಳಿಕ್ಕೆ ಜಾಗ ಇತ್ತು. ಬೆಳಗ್ಗಿನಿಂದ ನಿಂತವರು ಯಾರು?"

ಆಂಟಿ ಬೈಬಲನ್ನು ತೊಡೆಯ ಮೇಲೆ ಮಗುಚಿ ಇಟ್ಟು, "ಆಶ್ರಿತಾ" ಎಂದರು. "ಹೆಬ್ರಿಯ ಹುಡುಗಿ. ಈ ವಾರ ದಿನಾ ನನ್ನ ಬಾಗಿಲಲ್ಲಿ ನಿಂತಿದ್ದಳು. ಎಂತದೋ ಹೇಳ್ಲಿಕ್ಕಿತ್ತು ಅವಳಿಗೆ. ಆಮೇಲೆ ಬಾ, ಆಮೇಲೆ ಬಾ ಅಂದೆ. ನಿನ್ನೆ ನಾನು ತಲೆ ಎತ್ತುವಾಗ ಅವಳು ಇರ್ಲಿಲ್ಲ." ಬೈಬಲನ್ನು ಮತ್ತೆ ಕೈಗೆತ್ತಿಕೊಂಡು, "ಇವತ್ತು ಹೋಗಿ ಮೊದಲು ಅವಳನ್ನೇ ಕರೀತೇನೆ" ಎಂದರು.

ಪ್ರಾರ್ಥನೆ ಮುಗಿಯಿತು. ಡಬ್ಬ ತೆರೆಯಿತು. ಹಾಸ್ಟೆಲಿನ ಫೋನಿನ ಪರದೆ ತುಂಬಾ ಒಂದೇ ಹೆಸರು, ಸಮೀನಾ, ಸಮೀನಾ, ಸಮೀನಾ. ಕೆಳಗೆ ಒಂದು ಮೆಸೇಜು. ಆಂಟಿ ಫೋನನ್ನು ನನ್ನ ಕೈಗೆ ತುರುಕಿದರು, ನಾನೇ ಓದಿದೆ: ಆಶ್ರಿತಾ ಮಧ್ಯಾಹ್ನದಿಂದ ಕಾಣುತ್ತಿಲ್ಲ, ಫೋನನ್ನು ರೂಮಿನಲ್ಲೇ ಬಿಟ್ಟು ಹೋಗಿದ್ದಾಳೆ, ಉಡುಪಿಯಲ್ಲಿ ಅವಳು ಕಾಪು ಕಡೆಯ ಬಸ್ಸು ಹತ್ತುವುದನ್ನು ರೂಮ್‌ಮೇಟ್ ನೋಡಿದ್ದಾಳೆ, ಹುಡುಕಲು ನಾನು ಹೊರಟಿದ್ದೇನೆ ಮೇಡಂ.

ಕಾಪು ಅಂದರೆ ಸಮುದ್ರ. ಆಗಸ್ಟಿನ ಸಮುದ್ರ.

ಪಪ್ಪ ಕಾರಿನ ಕೀ ಹುಡುಕಿದರು. ಆಂಟಿ ಮುಂದಿನ ಸೀಟಿನಲ್ಲಿ, ನಾನು ಹಿಂದೆ. ಪಕ್ಕದ ಮಣಿಪುರ ಹಳ್ಳಿಯ ರಸ್ತೆಯಲ್ಲಿ ಕಟಪಾಡಿಗೆ ಹೋಗುವಾಗ ವೈಪರ್ ಒಂದೇ ಸಮನೆ ಬಡಿಯುತ್ತಿತ್ತು.

"ಒಂದು ದಿನ ಫೋನಿಲ್ಲದೆ ಕೂತೆ ಜೋಕಿಮ್. ಒಂದೇ ಒಂದು ದಿನ!" ಆಂಟಿಯ ಧ್ವನಿ ಒಡೆದಿತ್ತು. "ಆ ಹುಡುಗಿಗೆ ಎಂತಾದ್ರೂ ಆದ್ರೆ ಇನ್ನು ನಾನು ಬೈಬಲ್ ಮುಟ್ಟುದಿಲ್ಲ. ಟೀಚರಿಗೆ ಹೇಳಿ. ದೇವರಿಗೂ ಹೇಳಿ."

ಪಪ್ಪ, ಯಾವಾಗಲೂ ಏನಾದರೊಂದು ತಮಾಷೆ ಮಾಡುವ ಪಪ್ಪ, ಗೇರು ಬದಲಾಯಿಸಿದರು ಅಷ್ಟೇ.

ಆಂಟಿ ಸಮೀನಾಗೆ ಫೋನು ಹಚ್ಚಿದರು. ಸ್ಪೀಕರಿನಲ್ಲಿ ಗಾಳಿಯ ಸದ್ದೇ ಜೋರು.

"ಸಮೀನಾ, ನಾನು ಬರ್ತಾ ಇದ್ದೇನೆ. ನೀನು ಎಂತದೂ ಮಾಡ್ಬೇಡ. ಅಲ್ಲೇ ನಿಲ್ಲು."

"ಮೇಡಂ, ಅವಳು ಬಂಡೆಯ ಮೇಲೆ ಇದ್ದಾಳೆ. ನಾನು ಹತ್ತಿರ ಹೋಗ್ತಾ ಇದ್ದೇನೆ."

"ಬೇಡ ಅಂದೆ ನಾನು! ನಿನಗೆ ಗೊತ್ತಾಗುದಿಲ್ಲ, ಎಂತಾದ್ರೂ ಹೇಳಿ..."

"ಮೇಡಂ, ಈಗ ಮಾತಾಡ್ಲಿಕ್ಕೆ ಆಗುದಿಲ್ಲ. ಇಡ್ತೇನೆ."

ಇಟ್ಟೇಬಿಟ್ಟಳು. ಮೇಬಲ್ ಆಂಟಿಯ ಮಾತನ್ನು ನಡುವಲ್ಲಿ ತುಂಡರಿಸಿ ಫೋನಿಟ್ಟವರು ಆವರೆಗೆ ಯಾರೂ ಇರಲಿಲ್ಲ ಅಂತ ಕಾಣುತ್ತದೆ. ಅವರು ಫೋನನ್ನೇ ನೋಡುತ್ತಾ ಕೂತರು. ಮತ್ತೆ ಹಚ್ಚಲು ಬೆರಳು ಎತ್ತಿದರು. ಬೆರಳು ಹಾಗೆಯೇ ನಿಂತಿತು. ಫೋನನ್ನು ಕವುಚಿ ತೊಡೆಯ ಮೇಲೆ ಇಟ್ಟರು.

ಹೆದ್ದಾರಿಯಲ್ಲಿ ಲಾರಿಗಳ ಸಾಲು. ಪಪ್ಪ ಹಾರ್ನ್ ಒತ್ತಿ ಒತ್ತಿ ದಾರಿ ಮಾಡಿಕೊಂಡರು. ಕಾಪುವಿನಲ್ಲಿ ಬೀಚಿನ ರಸ್ತೆಗೆ ತಿರುಗುವಾಗ ಮಳೆ ನಿಂತಿತ್ತು. ಮೋಡದ ಹಿಂದೆಯೇ ಹೊತ್ತು ಮುಳುಗುತ್ತಿತ್ತು.

ಕಾರು ನಿಲ್ಲುವ ಮೊದಲೇ ಆಂಟಿ ಇಳಿದು ಓಡಿದರು. ಮರಳು ಶುರುವಾಗುವಲ್ಲಿ ಒಬ್ಬ ಯುವಕ ಎರಡೂ ಕೈ ಚಾಚಿ ಅಡ್ಡ ಬಂದ. ಸಮೀನಾಳ ಅಣ್ಣ ನಿಯಾಝ್, ಬೀಚಿನ ರಸ್ತೆಯಲ್ಲಿ ಸೋಡಾ ಅಂಗಡಿಯವನು. ಸಮೀನಾ ಮಣಿಪಾಲದಿಂದ ಸ್ಕೂಟರ್ ಬಿಡುವ ಮೊದಲೇ ಅವನಿಗೆ ಫೋನು ಮಾಡಿ ದಡ ಪೂರ್ತಿ ಹುಡುಕಿಸಿದ್ದಳು.

"ಮೇಡಂ, ಹೋಗ್ಬೇಡಿ. ತಂಗಿ ಹೇಳಿದ್ದಾಳೆ, ಯಾರನ್ನೂ ಬಿಡ್ಬೇಡ ಅಂತ."

"ಯಾರು ನೀನು ನನ್ನನ್ನು ತಡೀಲಿಕ್ಕೆ? ನಾನು ಅವಳ ವಾರ್ಡನ್!"

"ಗೊತ್ತುಂಟು ಮೇಡಂ. ಅದಕ್ಕೇ ಬೇಡ ಅನ್ನುದು. ನಾನು ಮೊದಲು ಹೋದಾಗ, ವಾರ್ಡನ್ ಕಳಿಸಿದ್ದಾ ಅಂತ ಕೇಳಿ ಇನ್ನೂ ಮುಂದೆ ಹೋದಳು. ಈಗ ಸಮೀನಾ ಹತ್ತಿರ ಸ್ವಲ್ಪ ಮಾತಾಡ್ತಾ ಇದ್ದಾಳೆ."

ಅವನು ತೋರಿಸಿದ ಕಡೆ ನೋಡಿದೆವು. ದೀಪಸ್ತಂಭದ ಆಚೆ, ಕಪ್ಪು ಬಂಡೆಗಳ ತುದಿಯಲ್ಲಿ ಇಬ್ಬರು ಹುಡುಗಿಯರು, ಬೆನ್ನು ಮಾತ್ರ ಕಾಣುತ್ತಿತ್ತು. ಇಬ್ಬರ ನಡುವೆ ಒಂದು ಮಾರು ದೂರ. ಪ್ರತಿ ಅಲೆಗೂ ಬಂಡೆಯ ಕೆಳಗಿನಿಂದ ನೊರೆ ಎದ್ದು ಅವರ ಕಾಲ ಹತ್ತಿರ ಬೀಳುತ್ತಿತ್ತು. ಇನ್ನೊಂದು ಬದಿಯಲ್ಲಿ ಹಗ್ಗ ಹಿಡಿದ ಇಬ್ಬರು ಮೀನುಗಾರರು ಬಂಡೆಯ ಮರೆಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದರು. ಅದೂ ಸಮೀನಾಳದೇ ಏರ್ಪಾಡು.

ಆಂಟಿಯ ಮೈ ಪೂರ್ತಿ ಮುಂದಕ್ಕೆ ಎಳೆಯುತ್ತಿತ್ತು. ಒಂದು ಸಲ ಕೂಗಿದರೆ ಸಾಕು, ಆ ಧ್ವನಿಗೆ ನಾಲ್ಕು ಮಹಡಿ ನಡುಗುತ್ತಿತ್ತು. ಬಾಯಿ ತೆರೆದರು ಕೂಡ. ಆಮೇಲೆ ನನ್ನ ಕಡೆ ಕೈ ಚಾಚಿದರು.

"ನನ್ನನ್ನು ಹಿಡ್ಕೋ ಮಾರಾಯ್ತಿ. ಬಿಡ್ಬೇಡ."

ಹಿಡಿದುಕೊಂಡೆ. ಮೂಳೆ ನೋಯುವಷ್ಟು ಒತ್ತಿ ಹಿಡಿದಿದ್ದರು. ಅವರ ತುಟಿ ಅಲುಗುತ್ತಿತ್ತು. ಕಲಿತ ಪ್ರಾರ್ಥನೆ ಅಲ್ಲ ಅದು. ಹತ್ತಿರ ಇದ್ದ ನನಗೆ ಕೇಳಿಸಿತು: "ನನ್ನನ್ನು ಇಲ್ಲೇ ನಿಲ್ಲಿಸು ದೇವರೇ. ನಾನಲ್ಲ, ಅವಳು. ನಾನಲ್ಲ, ಅವಳು."

ಒಂದು ದೊಡ್ಡ ಅಲೆ ಬಂತು. ಆಶ್ರಿತಾ ಎದ್ದು ನಿಂತಳು. ಯಾವ ಕಡೆ ಕಾಲಿಡುತ್ತಾಳೆಂದು ಗೊತ್ತಾಗಲಿಲ್ಲ. ಪಪ್ಪ ಶಿಲುಬೆಯ ಗುರುತು ಹಾಕಿಕೊಂಡರು. ಸಮೀನಾ ಏಳಲಿಲ್ಲ. ಕೂತಲ್ಲಿಂದಲೇ ಏನೋ ಹೇಳಿ, ತನ್ನ ದುಪಟ್ಟಾದ ಒಂದು ತುದಿಯನ್ನು ಮೇಲಕ್ಕೆ ಚಾಚಿದಳು, ಪಾತ್ರೆ ಇಳಿಸಲು ಬಟ್ಟೆ ಕೊಡುವ ಹಾಗೆ, ಅಷ್ಟು ಸಾದಾ. ಆಶ್ರಿತಾ ಅದನ್ನು ನೋಡಿದಳು. ಸಮುದ್ರ ನೋಡಿದಳು. ಬಗ್ಗಿ ಆ ತುದಿ ಹಿಡಿದಳು. ಜಾರುವ ಬಂಡೆಗಳ ಮೇಲೆ ಇಬ್ಬರೂ ಕೂತು ಕೂತು, ಅಂಬೆಗಾಲಿಟ್ಟು, ಮರಳಿಗೆ ಬಂದರು.

ಆಗಲೂ ಆಂಟಿ ಓಡಲಿಲ್ಲ. ಅವರೇ ನಡೆದು ಹತ್ತಿರ ಬರುವವರೆಗೆ ನಿಂತರು. ಆಶ್ರಿತಾ ಆಂಟಿಯನ್ನು ಕಂಡು ಸಮೀನಾಳ ಹಿಂದೆ ಸರಿದಳು.

"ಬೈಯುದಿಲ್ಲ" ಎಂದರು ಆಂಟಿ. "ನೀನು ಬಾಗಿಲಲ್ಲಿ ನಿಂತದ್ದು ನಾನು ನೋಡಿದ್ದೆ. ನೋಡಿಯೂ ಕರೀಲಿಲ್ಲ. ಅದನ್ನು ಹೇಳ್ಲಿಕ್ಕೆ ಬಂದೆ."

ಹುಡುಗಿ ಸಮೀನಾಳ ದುಪಟ್ಟಾದ ತುದಿಯನ್ನು ಇನ್ನೂ ಬಿಟ್ಟಿರಲಿಲ್ಲ. "ಕೋರ್ಸು ಬಿಡ್ತೇನೆ ಅಂತ ಅಪ್ಪನಿಗೆ ಹೇಳ್ಬೇಕಿತ್ತು ಆಂಟಿ. ನನಗೆ ಧೈರ್ಯ ಇಲ್ಲ. ನೀವು ಹೇಳಿದ್ರೆ ಕೇಳ್ತಾರೆ ಅಂತ..."

ಆಂಟಿ ಸಮೀನಾಳ ಕಡೆ ತಿರುಗಿದರು. ನೆತ್ತಿಯಿಂದ ಕಾಲಿನವರೆಗೆ ಉಪ್ಪು ನೀರು ಸುರಿಯುತ್ತಿದ್ದ, ಹಲ್ಲು ಕಟಕಟಿಸುತ್ತಿದ್ದ ಸಮೀನಾ.

"ಈಗ ಎಂತ ಮಾಡುದು ಸಮೀನಾ? ನೀನು ಹೇಳು."

ಸಮೀನಾ ಒಂದು ಕ್ಷಣ ಗಾಬರಿಯಾದಳು, ಯಾರೋ ಹಿಂದಿನಿಂದ ಕರೆದ ಹಾಗೆ. ಆಮೇಲೆ ಹೇಳಿದಳು: "ಮೊದಲು ನಮ್ಮ ಮನೆಗೆ ಹೋಗುವ ಮೇಡಂ. ಉಮ್ಮ ಒಣ ಬಟ್ಟೆ ಕೊಡ್ತಾರೆ, ಚಾ ಕೊಡ್ತಾರೆ. ಇವಳ ಅಪ್ಪನ ಹತ್ತಿರ ನಾನು ಮಾತಾಡ್ತೇನೆ. ನಾಳೆ ಇವಳನ್ನು ಒಬ್ಬ ಒಳ್ಳೆ ಡಾಕ್ಟರ ಹತ್ತಿರ ಕರ್ಕೊಂಡು ಹೋಗ್ಬೇಕು. ಇವತ್ತು ಇವಳು ಒಬ್ಬಳೇ ಮಲಗ್ಲಿಕ್ಕಿಲ್ಲ."

"ಹಾಗೇ ಆಗ್ಲಿ."

ಅವರ ಮನೆ ಹತ್ತಿರದಲ್ಲೇ ಇತ್ತು. ಆಶ್ರಿತಾ ಒಳಗೆ ಬಟ್ಟೆ ಬದಲಾಯಿಸುವಾಗ ಸಮೀನಾ ಜಗಲಿಯಲ್ಲಿ ನಿಂತು ಹೆಬ್ರಿಗೆ ಫೋನು ಹಚ್ಚಿದಳು. ಹುಡುಗಿಯ ಅಪ್ಪ ಧರ್ಮಪಾಲ ಅವರ ಧ್ವನಿ ಜೋರು, ನಮಗೆಲ್ಲ ಕೇಳುತ್ತಿತ್ತು.

"ಮಗಳು ಹುಷಾರಿದ್ದಾಳೆ ಸರ್. ನಮ್ಮ ಜೊತೆಗೇ ಇದ್ದಾಳೆ. ಆದ್ರೆ ತುಂಬಾ ಬೇಜಾರಿನಲ್ಲಿ ಇದ್ದಾಳೆ, ನೀವು ಈಗಲೇ ಹೊರಟು ಬರ್ಬೇಕು. ಬರುವಾಗ ಕೋಪ ಮನೆಯಲ್ಲಿ ಇಟ್ಟು ಬನ್ನಿ ಸರ್."

"ಎಂತ ಬೇಜಾರು? ಎಂತ ಆಯ್ತು ಅವಳಿಗೆ? ನೀವು ಯಾರು? ಹಾಸ್ಟೆಲಿನ ಹುಡುಗಿಯಾ? ನಿಮ್ಮ ಹತ್ತಿರ ಎಂತ ಮಾತು ನನಗೆ, ವಾರ್ಡನ್‌ಗೆ ಕೊಡಿ ಫೋನು!"

ಸಮೀನಾ ಅಭ್ಯಾಸಬಲದಿಂದ ಫೋನನ್ನು ಆಂಟಿಯ ಕಡೆ ಚಾಚಿದಳು. ಆಂಟಿ ಬೆಂಚಿನಲ್ಲಿ ಕೂತಿದ್ದರು, ಕೈಯಲ್ಲಿ ಚಾದ ಲೋಟ. ಏಳಲಿಲ್ಲ. ಫೋನು ತೆಗೆದುಕೊಳ್ಳಲೂ ಇಲ್ಲ. ಕೂತಲ್ಲಿಂದಲೇ ಸ್ವಲ್ಪ ಮುಂದೆ ಬಾಗಿ, ಅದಕ್ಕೆ ಕೇಳುವ ಹಾಗೆ ಹೇಳಿದರು.

"ವಾರ್ಡನ್ ಹತ್ತಿರವೇ ಮಾತಾಡ್ತಾ ಇದ್ದೀರಿ ಸರ್. ಅವರು ಹೇಳಿದ ಹಾಗೆ ಮಾಡಿ."

ಸಮೀನಾ ಫೋನನ್ನು ಮತ್ತೆ ಕಿವಿಗೆ ಹಿಡಿದಳು. ಆಂಟಿ ಚಾ ಊದಿ ಕುಡಿದರು.